‘ಪ್ರೋಟೀನ್ ಹೆಚ್ಚಾಗಿದೆ’ ಅಂದರೆ ಬೇಳೆ ಬಿಡಬೇಕಾ? ಎಕ್ಸ್‌ಪ್ರೆಶನ್‌ಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ನನ್ನ ಪಿಎಚ್.ಡಿ. ಕೆಲಸ ಬಾಯಿ ಕ್ಯಾನ್ಸರಿನ ಮೇಲೆ. ಆಪರೇಷನ್‌ನಲ್ಲಿ ತೆಗೆದ ಗಂಟಿನ ಚೂರು ಒಂದು, ಅದರ ಪಕ್ಕದ ಚೆನ್ನಾಗಿರುವ ಭಾಗದ ಚೂರು ಇನ್ನೊಂದು. ಎರಡರಲ್ಲೂ ಯಾವ ಪ್ರೋಟೀನ್ ಎಷ್ಟಿದೆ ಅಂತ ಅಳೆದು ಹೋಲಿಸಬೇಕು. ಇದೇ ಪ್ರೋಟಿಯೋಮಿಕ್ಸ್. ಚೂರು ತೆಗೆದುಕೊಳ್ಳುವ ಮೊದಲು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲ ತಿಳಿಸಿ ಒಪ್ಪಿಗೆ ಪಡೆಯಬೇಕು ಅಂತ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಕಲಬುರಗಿಯ ಜನರಿಗಾಗಿ ಒಪ್ಪಿಗೆ ಪತ್ರ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದದ ಹತ್ತಿರ ಬಂದು ನಿಂತಿದ್ದೇನೆ.

ಪಕ್ಕದ ಚೆನ್ನಾಗಿರುವ ಭಾಗಕ್ಕಿಂತ ಗಂಟಿನಲ್ಲಿ ಒಂದು ಪ್ರೋಟೀನ್ ಜಾಸ್ತಿ ಕಂಡರೆ ಲ್ಯಾಬಿನಲ್ಲಿ ‘ಈ ಪ್ರೋಟೀನ್ ಓವರ್‌ಎಕ್ಸ್‌ಪ್ರೆಸ್ ಆಗಿದೆ’ ಅನ್ನುತ್ತೇವೆ. ಪುಸ್ತಕದ ಕನ್ನಡದಲ್ಲಿ ಎಕ್ಸ್‌ಪ್ರೆಶನ್ ಅಂದರೆ ‘ಅಭಿವ್ಯಕ್ತಿ’. ‘ಅತಿ ಅಭಿವ್ಯಕ್ತಿ’ ಅಂದರೆ ನಾಟಕದಲ್ಲಿ ಯಾರೋ ಜಾಸ್ತಿ ಅಭಿನಯ ಮಾಡಿದ ಹಾಗೆ ಕೇಳುತ್ತದೆ, ಅಲ್ವಾ? ಸುಮ್ನೆ ‘ಹೆಚ್ಚಾಗಿದೆ’ ಅಂತ ಬರೆದು ಒಬ್ಬ ಹಿರಿಯರಿಗೆ ಓದಿ ಹೇಳಿದೆ. ಅವರು ಕೇಳಿದ್ದು: ‘ಹಂಗಾದ್ರ ಬ್ಯಾಳಿ ತಿನ್ನೋದು ಬಿಡಬೇಕೇನ್ರೀ?’

ಕೇಳಿದ್ದರಲ್ಲಿ ತಪ್ಪೇನಿಲ್ಲ. ಇದು ತೊಗರಿಯ ನಾಡು, ಇಲ್ಲಿನ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಬಂತು. ಅಂಗನವಾಡಿಯಿಂದ ಟಿವಿ ಜಾಹೀರಾತಿನವರೆಗೆ ಎಲ್ಲ ಕಡೆ ಪ್ರೋಟೀನ್ ಅಂದರೆ ತಿನ್ನುವ ವಸ್ತು. ಹಳೆಯ ಶಾಲಾ ಪದ ‘ಸಸಾರಜನಕ’ವೂ ಕಾಪಾಡುವುದಿಲ್ಲ. ಅದು ಬಂದಿದ್ದೂ ಆಹಾರದ ಪಾಠದಲ್ಲೇ. ತಿಂದ ಬೇಳೆಯ ಪ್ರೋಟೀನ್ ಹೊಟ್ಟೆಯಲ್ಲಿ ಕರಗಿ ಅಮೈನೋ ಆಮ್ಲಗಳಾಗುತ್ತದೆ. ಅವುಗಳಿಂದ ಜೀವಕೋಶ ತನ್ನ ಜೀನ್‌ಗಳು ಹೇಳಿದಂತೆ ತನಗೆ ಬೇಕಾದ ಪ್ರೋಟೀನ್ ಕಟ್ಟಿಕೊಳ್ಳುತ್ತದೆ. ಇದನ್ನು ಪತ್ರದಲ್ಲಿ ಎರಡು ಸಾಲಿನಲ್ಲಿ ಹೇಳಬಹುದು. ಆ ತೊಡಕು ದೊಡ್ಡದಲ್ಲ.

ನಿಜವಾದ ತೊಡಕು ಇಲ್ಲಿದೆ. ‘ಜೀವಕೋಶ ಈ ಪ್ರೋಟೀನನ್ನು ಜಾಸ್ತಿ ತಯಾರಿಸುತ್ತಿದೆ’ ಅಂತ ಬರೆಯೋಣ ಅಂದುಕೊಂಡೆ. ಸ್ತನ ಕ್ಯಾನ್ಸರಿನ ಹರ್‌-2 ಪ್ರೋಟೀನಿಗೆ ಇದು ಸರಿ. ಅಲ್ಲಿ ಜೀನಿನ ಪ್ರತಿಗಳೇ ಹೆಚ್ಚಾಗಿರುತ್ತವೆ, ಅದಕ್ಕೆ ತಯಾರಿಕೆಯೂ ಹೆಚ್ಚು. ಆದರೆ ಪಿ53 ಅನ್ನುವ ಇನ್ನೊಂದು ಪ್ರೋಟೀನ್ ತೆಗೆದುಕೊಳ್ಳಿ. ಆರೋಗ್ಯವಾಗಿರುವ ಜೀವಕೋಶದಲ್ಲಿ ಅದು ಹೆಚ್ಚು ಹೊತ್ತು ಉಳಿಯುವುದಿಲ್ಲ, ತಯಾರಾದ ಹಾಗೆ ಒಡೆದು ಹೋಗುತ್ತದೆ. ಅದರ ಜೀನ್ ಕೆಟ್ಟಾಗ ಎಷ್ಟೋ ಗಂಟುಗಳಲ್ಲಿ ಈ ಒಡೆಯುವ ಕೆಲಸವೇ ಸರಿಯಾಗಿ ನಡೆಯುವುದಿಲ್ಲ. ತಯಾರಿಕೆ ಮೊದಲಿನಷ್ಟೇ ಇದ್ದರೂ ಪ್ರೋಟೀನ್ ತುಂಬಿಕೊಳ್ಳುತ್ತದೆ. ಪ್ರೋಟೀನ್ ಅಳೆಯುವ ನಮ್ಮ ಯಂತ್ರ, ಮಾಸ್ ಸ್ಪೆಕ್ಟ್ರೋಮೀಟರ್, ಈ ಎರಡರ ವ್ಯತ್ಯಾಸ ಹೇಳುವುದಿಲ್ಲ. ಎಷ್ಟಿದೆ ಅಂತ ಮಾತ್ರ ತೋರಿಸುತ್ತದೆ, ಯಾಕೆ ಅಷ್ಟಿದೆ ಅಂತಲ್ಲ. ಇಂಗ್ಲಿಷಿನ ಪದ ಎರಡನ್ನೂ ಒಂದೇ ಚೀಲಕ್ಕೆ ಹಾಕಿಬಿಟ್ಟಿದೆ. ಕನ್ನಡದಲ್ಲಿ ಅವನ್ನು ಬಿಡಿಸಿಯೇ ಹೇಳಬೇಕು ಅನ್ನುವುದು ನನ್ನ ಹಟ.

ಹಾಗಾದರೆ ‘ಇರುವುದು ಜಾಸ್ತಿ’ ಅನ್ನುವುದಕ್ಕೆ ಯಾವ ಮಾತು? ಬಿಪಿ, ಶುಗರ್‌ಗೆ ಜನ ‘ಏರ್ಯಾದ’ ಅನ್ನುತ್ತಾರೆ. ಆದರೆ ಏರುವುದಕ್ಕೆ ನಿನ್ನೆ ಎಷ್ಟಿತ್ತು, ಇವತ್ತು ಎಷ್ಟು ಅನ್ನುವ ಲೆಕ್ಕ ಬೇಕು. ನಾವು ಹೋಲಿಸುವುದು ಎರಡು ಕಾಲವನ್ನಲ್ಲ, ಎರಡು ಜಾಗವನ್ನು. ನನಗೆ ಹಿಡಿಸಿದ್ದು ‘ಜಮಾ ಆಗ್ಯಾದ’. ಇಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು, ಪಿ53ರ ಕಥೆಗೂ ಚೆನ್ನಾಗಿ ಕೂಡುತ್ತದೆ. ನಮ್ಮ ಗೈಡ್‌ಗೆ ಮಾತ್ರ ಇಷ್ಟವಾಗಲಿಲ್ಲ. ಬ್ಯಾಂಕಿನಲ್ಲಿ ಜಮಾ ಆದರೆ ಒಳ್ಳೇದು, ಗಂಟಿನಲ್ಲಿ ಜಮಾ ಆದರೆ? ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಜೊತೆಗೆ ಬಯೋಮಾರ್ಕರ್, ಅಂದರೆ ರೋಗ ಇರಬಹುದು ಅಂತ ತೋರಿಸುವ ಪ್ರೋಟೀನಿನಂಥ ವಸ್ತು. ‘ಜೈವಿಕ ಸೂಚಕ’ ಓದುವವರಿಗೆ ಭಾರ. ‘ಗುರುತು’ ಅಂದರೆ ರೋಗ ಖಾತ್ರಿ ಆಯಿತು ಅನ್ನಿಸುತ್ತದೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗಾಗಿ ಪರೀಕ್ಷಿಸುವ ಪಿಎಸ್ಎ ಪ್ರೋಟೀನ್ ಕ್ಯಾನ್ಸರ್ ಇಲ್ಲದೆಯೂ, ಆ ಗ್ರಂಥಿ ದೊಡ್ಡದಾದಾಗ ರಕ್ತದಲ್ಲಿ ಹೆಚ್ಚಬಹುದು. ಅದಕ್ಕೆ ‘ಸುಳಿವು’ ಅಂತ ಬರೆದಿದ್ದೇನೆ. ಇದನ್ನು ಬದಲಿಸುವ ಮನಸ್ಸಿಲ್ಲ. ಯಾರಾದರೂ ಬಲವಾದ ಕಾರಣ ಕೊಟ್ಟರೆ ನೋಡೋಣ.

ಟ್ಯೂಮರ್‌ಗೆ ಮಾದರಿ ಪತ್ರದಲ್ಲಿ ‘ಗಡ್ಡೆ’ ಅಂತಿತ್ತು. ಇಲ್ಲಿ ಗಡ್ಡಿ ಅಂದರೆ ಮೊದಲು ಉಳ್ಳಾಗಡ್ಡಿ. ‘ಗಂಟು’ ಸಾಕು. ಬಾಯಿ ಕ್ಯಾನ್ಸರ್ ಎಷ್ಟೋ ಸಲ ಮಾಯದ ಹುಣ್ಣಾಗಿ ಶುರುವಾಗುವುದರಿಂದ ‘ಹುಣ್ಣು ಅಥವಾ ಗಂಟು’ ಅಂತ ಹಾಕಿದ್ದೇನೆ.

ಬೀದರ್, ಯಾದಗಿರಿ ಕಡೆಯವರು ಇದ್ದರೆ ದಯವಿಟ್ಟು ಹೇಳಿ: ಬೇಡದ್ದು ಒಂದು ಕಡೆ ಸೇರಿಕೊಂಡರೆ, ಕೆರೆಯಲ್ಲಿ ಹೂಳು ಅನ್ನಿ, ಪೈಪಿನಲ್ಲಿ ಕಸ ಅನ್ನಿ, ಮನೆಯಲ್ಲಿ ಹಿರಿಯರು ಏನನ್ನುತ್ತಾರೆ? ಅಲ್ಲೂ ‘ಜಮಾ’ನೇನಾ, ಬೇರೆ ಮಾತಿದೆಯಾ? ಮೈಸೂರು ಕಡೆಯವರಿಗೆ ‘ಜಮಾ’ ಓದಿದಾಗ ದುಡ್ಡು ಮಾತ್ರ ನೆನಪಾಗುತ್ತದಾ ಅನ್ನುವುದೂ ತಿಳಿಯಬೇಕು.