ಸಹಾಯ ಬೇಕು: ಮಳೆಗಾಲಕ್ಕೆ ತಡೆಯುವ ಬಾಲ್ ಪೈಥಾನ್ ಗೂಡು
ಬದಿಯಡ್ಕದ ಹತ್ತಿರ ನಮ್ಮ ಮನೆ. ಎರಡು ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು) ಸಾಕಿದ್ದೇನೆ, ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯೂ ಆಗಿದೆ (ಅಜ್ಜಿಗೆ ಮಾತ್ರ ಇದೂ ತೋಟದ ಹೆಬ್ಬಾವೇ!). ಒಟ್ಟಿಗೆ ಇಡಬಾರದು ಅಂತ ಗೊತ್ತು, ಅದಕ್ಕೇ 4 ಅಡಿ ಉದ್ದ, 2 ಅಡಿ ಅಗಲದ ಎರಡು ಗೂಡು ಮಾಡಿಸಬೇಕು. ಬಿಸಿ ಬದಿ 31-32 ಡಿಗ್ರಿ, ತಂಪು ಬದಿ 26ರ ಆಸುಪಾಸು ಇದ್ದರೆ ಸಾಕು. ತೊಂದರೆ ಇರುವುದು ತೇವದ್ದು. ಗಾಳಿಯಲ್ಲಿ ಶೇಕಡಾ 60-70 ತೇವ ಸಾಕಾಗುವ ಹಾವಿಗೆ ನಮ್ಮ ಜುಲೈ ಮಳೆ ಜಾಸ್ತಿ ಅಲ್ವಾ, ಗೋಡೆಯೇ ಬೆವರುತ್ತದೆ, ಕೆಳಗೆ ಹಾಸಿದ ತೆಂಗಿನ ನಾರಿನ ಪುಡಿ ವಾರದೊಳಗೆ ಬೂಷ್ಟು ಹಿಡಿಯುತ್ತದೆ, ಅಡಗಲು ಇಟ್ಟ ಅಡಿಕೆ ಹಾಳೆಯದ್ದೂ ಅದೇ ಕಥೆ. ಪ್ಲೈವುಡ್ ಉಬ್ಬೀತು ಅಂತ ಹೆದರಿಕೆ. ಪಿವಿಸಿ ಶೀಟ್ ಆದೀತಾ? ಗಾಳಿಕಿಂಡಿ ಎಲ್ಲಿ ಇಡಬೇಕು? ಕರೆಂಟು ಹೋದಾಗ ಗೂಡು ಬಿಸಿ ಮಾಡುವ ಹೀಟ್ ಮ್ಯಾಟ್, ಥರ್ಮೋಸ್ಟಾಟ್ ಎರಡನ್ನೂ ಇನ್ವರ್ಟರ್‌ಗೆ ಕೊಡಬಹುದಾ? ಈ ಕಡೆ ಸಾಕಿದವರು ಯಾರಾದ್ರೂ ಇದ್ದರೆ ನಿಮ್ಮ ಗೂಡಿನ ಫೋಟೋ ಹಾಕಿ ಮಾರಾಯ್ರೆ.