ಪದಚರ್ಚೆ: ಕೆಂಪು ವೈನ್‌ಗೆ "ಒಣ" ಅನ್ನಬಹುದಾ? "ಒಗರು" ಯಾವುದಕ್ಕೆ?

ಎಲ್ಲರಿಗೂ ನಮಸ್ಕಾರ.

ಬುಡಾಪೆಸ್ಟ್‌ನಲ್ಲಿರುವ ನಾವು ಕೆಲವು ಕನ್ನಡಿಗರು ಹಂಗೇರಿಯ ಕೆಂಪು ವೈನ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು ರುಚಿ ನೋಡುತ್ತೇವೆ. ಯಾವುದು ಹೇಗಿತ್ತು ಅಂತ ಕನ್ನಡದಲ್ಲೇ ಬರೆದಿಡುತ್ತೇವೆ. ಹಣ್ಣು, ಮೆಣಸು, ಹೊಗೆ ಇವಕ್ಕೆಲ್ಲ ಮಾತು ತಾನಾಗಿ ಸಿಗುತ್ತದೆ. ಎರಡು ಕಡೆ ಮಾತ್ರ ಪ್ರತಿ ಸಲ ಚರ್ಚೆ ನಿಂತುಬಿಡುತ್ತದೆ. ಒಂದು, ಬಾಟಲಿಯ ಮೇಲಿರುವ "ಡ್ರೈ", ಅಂದರೆ ಸಿಹಿ ಉಳಿದಿಲ್ಲದ್ದು. ಇನ್ನೊಂದು, ಗುಟುಕು ಇಳಿದ ಮೇಲೆ ಬಾಯಿಯೆಲ್ಲ ಬಿಗಿದ ಹಾಗಾಗುವುದು. ಇವೆರಡಕ್ಕೂ ನಿಮ್ಮ ಕಡೆ ಯಾವ ಪದ ಬಳಸುತ್ತಾರೆ ಅನ್ನುವುದು ನನ್ನ ಪ್ರಶ್ನೆ.

ಮೊದಲು "ಡ್ರೈ". ಹಂಗೇರಿಯನ್ನರು ಇದಕ್ಕೆ "ಸಾರಜ್" ಅನ್ನುತ್ತಾರೆ. ಒಣಗಿದ ಬಟ್ಟೆಗೂ ಅದೇ ಪದ, ವೈನ್‌ಗೂ ಅದೇ. ಹಾಗಾಗಿ ನಮ್ಮಲ್ಲೊಬ್ಬರು "ಒಣ ವೈನ್" ಅಂತಲೇ ಬರೆಯೋಣ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ "ಒಣ" ಅಂದರೆ ನೀರು ಆರಿದ್ದು. ಒಣದ್ರಾಕ್ಷಿ, ಒಣಮೆಣಸಿನಕಾಯಿ. "ಒಣ ಜಂಬ", "ಒಣ ಮಾತು" ಅಂದಾಗ ಒಳಗೆ ಹುರುಳಿಲ್ಲ ಅಂತ ಅರ್ಥ. ಒಣ ವೈನ್ ಅಂತ ಓದಿದವರು ಒಣದ್ರಾಕ್ಷಿಯಿಂದ ಮಾಡಿದ್ದು ಅಂದುಕೊಂಡರೆ ಅದು ಅವರ ತಪ್ಪಲ್ಲ. ಹಂಗೇರಿಯಲ್ಲಿ ಅಂಥದ್ದು ನಿಜವಾಗಿಯೂ ಇದೆ. ತೊಕಾಯಿ ಸೀಮೆಯ ಹೆಸರಾಂತ "ಅಸೂ" ವೈನನ್ನು ಬೂಷ್ಟು ಹಿಡಿದು ಬಳ್ಳಿಯಲ್ಲೇ ಸುಕ್ಕಾದ ದ್ರಾಕ್ಷಿಯಿಂದ ಮಾಡುತ್ತಾರೆ. ಅಸೂ ಅಂದರೇ ಒಣಗಿದ್ದು. ಆದರೆ ಅದು ತುಂಬ ಸಿಹಿ! "ಒಣ" ಅನ್ನುವ ಪದ ಓದುಗರನ್ನು ಪೂರ್ತಿ ಉಲ್ಟಾ ದಾರಿಗೆ ಕಳಿಸುತ್ತದೆ, ಅಲ್ವಾ?

ಇಲ್ಲಿ ಲೆಕ್ಕ ಇಡುವುದು ಸಕ್ಕರೆಯದ್ದು. ಯುರೋಪಿನ ನಿಯಮದಲ್ಲಿ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಉಳಿದಿದ್ದರೆ ಅದು ಡ್ರೈ. ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ನಡೆಯುತ್ತದೆ. ರಸದ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಮ್ಮಿ ಪೂರ್ತಿ ತಿಂದು ಮುಗಿಸಿದೆ ಅಂತ ಅರ್ಥ, ಅಷ್ಟೆ. "ಸಪ್ಪೆ" ಅಂದರೆ ಅದು ವೈನನ್ನು ಬೈದ ಹಾಗೆ. ಸುಮ್ನೆ "ಸಿಹಿ ಇಲ್ಲದ" ಅಂದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದರ ಮುಂದಿನ ಮೆಟ್ಟಿಲುಗಳಿಗೆ "ನಸುಸಿಹಿ", "ಅರೆಸಿಹಿ", "ಸಿಹಿ" ಸಲೀಸಾಗಿ ಹೊಂದುತ್ತವೆ.

ಈಗ ಎರಡನೆಯದು, ಬಾಯಿ ಬಿಗಿದ ಹಾಗಾಗುವುದು. ಇದಕ್ಕೆ ಕನ್ನಡದಲ್ಲಿ "ಒಗರು" ಇದೆ. ನೇರಳೆಹಣ್ಣು, ಗೇರುಹಣ್ಣು, ಎಳೆ ಅಡಿಕೆ ತಿಂದವರಿಗೆ ವಿವರಿಸಬೇಕಾಗಿಲ್ಲ. ದ್ರಾಕ್ಷಿಯ ಸಿಪ್ಪೆ, ಬೀಜ, ಓಕ್ ಮರದ ಪೀಪಾಯಿ ಇವುಗಳಿಂದ ಬರುವ ಟ್ಯಾನಿನ್ ಅನ್ನುವ ವಸ್ತು ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಾಯಿಯ ಜಾರಿಕೆ ಹೋಗಿ ನಾಲಿಗೆ, ಒಸಡು ತರಕಲಾಗುತ್ತದೆ. ಹಾಗಾಗಿ ವೈನ್ ಬಲ್ಲವರು ಇದನ್ನು ರುಚಿಗಿಂತ ಮುಟ್ಟಿದ ಅನುಭವ ಅಂತಲೇ ಎಣಿಸುತ್ತಾರೆ. ನಮ್ಮವರು ಇದನ್ನು ಆರು ರುಚಿಗಳಲ್ಲಿ ಒಂದಾಗಿ ಸೇರಿಸಿದ್ದಾರೆ. ಹೇಗೆ ಎಣಿಸಿದರೂ "ಒಗರು" ಎರಡನ್ನೂ ಹಿಡಿಯುತ್ತದೆ. ಇಷ್ಟು ಚೊಕ್ಕ ಪದ ಕೈಯಲ್ಲಿರುವಾಗ ಟ್ಯಾನಿನ್ ಅಂತ ಯಾಕೆ ಬರೆಯಬೇಕು?

ತೊಂದರೆ ಏನೆಂದರೆ ಕೆಲವರು "ಡ್ರೈ"ಗೂ ಒಗರು ಅನ್ನುತ್ತಾರೆ. ಇವೆರಡೂ ಬೇರೆ ಅಂತ ತೋರಿಸಲು ಹಂಗೇರಿಯ ಎರಡು ಬಾಟಲಿ ಸಾಕು. ಸೆಕ್ಸಾರ್ಡ್ ಸೀಮೆಯ ಕದರ್ಕಾ ತೆಳು ಸಿಪ್ಪೆಯ ದ್ರಾಕ್ಷಿ. ವೈನಿನ ಬಣ್ಣ ತಿಳಿ, ಮೆಣಸಿನ ಘಮ, ಒಗರು ಬಹಳ ಕಡಿಮೆ. ಇನ್ನೊಂದು ದಕ್ಷಿಣದ ತುದಿಯ, ಕ್ರೊಯೇಷಿಯಾ ಗಡಿಯ ಹತ್ತಿರದ ವಿಲ್ಲಾಞ್ ಸೀಮೆಯ ಕ್ಯಾಬರ್ನೆ ಫ್ರಾಂಕ್ ದ್ರಾಕ್ಷಿಯದ್ದು. ಅಲ್ಲಿ ಬಿಸಿಲು ಜಾಸ್ತಿ, ವೈನ್ ಗಾಢ, ಒಗರು ಬಾಯಿ ತುಂಬ. ಎರಡರ ಮೇಲೂ ಬರೆದಿರುವುದು ಒಂದೇ, "ಸಾರಜ್". ಸಿಹಿ ಎರಡರಲ್ಲೂ ಇಲ್ಲ, ಒಗರು ಒಂದರಲ್ಲಿ ಮಾತ್ರ. ಒಂದೇ ಪದವನ್ನು ಎರಡು ಕೆಲಸಕ್ಕೆ ಹಚ್ಚಿದರೆ ಹೋಲಿಸುವುದೇ ಆಗುವುದಿಲ್ಲ.

ಒಗರಿನೊಳಗೂ ಬಗೆಗಳಿವೆ. ದ್ರಾಕ್ಷಿ ಪೂರ್ತಿ ಮಾಗದಿದ್ದರೆ ಒಗರು ಗಡುಸಾಗಿ, ಒಂದು ಥರ ಹಸಿಯಾಗಿ ಇರುತ್ತದೆ. ಇದಕ್ಕೆ ನಾನು "ಕಾಯಿ ಒಗರು" ಅಂತ ಬರೆಯುತ್ತಿದ್ದೇನೆ. ಮಾಗಿದ ದ್ರಾಕ್ಷಿಯ ನಯವಾದ ಒಗರಿಗೆ "ಹಣ್ಣೊಗರು". ಹೀಗೆ ಯಾರಾದರೂ ಮಾತಾಡುವುದನ್ನು ಕೇಳಿದ್ದೀರಾ? ಕೃತಕ ಅನ್ನಿಸಿದರೆ ಹೇಳಿ, ಬಿಟ್ಟುಬಿಡುತ್ತೇನೆ.

ಹುಳಿಯ ವಿಚಾರದಲ್ಲಿ ಒಂದು ಎಚ್ಚರ ಬೇಕು. ಹಂಗೇರಿಯಲ್ಲಿ ಅತಿ ಹೆಚ್ಚು ಬೆಳೆಯುವ ಕೆಂಪು ವೈನ್ ದ್ರಾಕ್ಷಿ ಕೇಕ್‌ಫ್ರಾಂಕೋಶ್. ಅದರ ಜೀವವೇ ಹುಳಿ. ಆದರೆ "ಹುಳಿ ಇದೆ" ಅಂದರೆ ಗುಣ, "ಹುಳಿ ಬಂದಿದೆ" ಅಂದರೆ ಕೆಟ್ಟಿದೆ ಅಂತ. ಕ್ರಿಯಾಪದ ಬದಲಾದರೆ ಒಳ್ಳೆಯ ಬಾಟಲಿಗೆ ಕೆಟ್ಟ ಹೆಸರು ಬರುತ್ತದೆ.

"ಬಾಡಿ", ಅಂದರೆ ವೈನ್ ಬಾಯಲ್ಲಿ ಎಷ್ಟು ತೂಕವಾಗಿ, ದಪ್ಪವಾಗಿ ಅನ್ನಿಸುತ್ತದೆ ಅನ್ನುವುದು. ಅದಕ್ಕೆ "ಗಟ್ಟಿ" ಅಂದರೆ ಅಮಲು ಜಾಸ್ತಿ ಅಂತ ಕೇಳಿಸುತ್ತದೆ. ನನಗೆ "ಮಂದ" ಮತ್ತು "ತೆಳು" ಹಿಡಿಸಿವೆ. ಮಜ್ಜಿಗೆಗೆ ಮಂದ ಅನ್ನುವ ಕಡೆಯವರಿಗೆ ಇದು ತಕ್ಷಣ ಹೊಳೆಯುತ್ತದೆ, ಉಳಿದವರಿಗೆ ಹೇಗೋ.

ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಬಾರದು ಅನ್ನುವುದರಲ್ಲಿ ನಮ್ಮಲ್ಲಿ ಭಿನ್ನಮತ ಇಲ್ಲ. ಎಗೆರ್ ಮತ್ತು ಸೆಕ್ಸಾರ್ಡ್ ಸೀಮೆಗಳ ಹೆಸರಾಂತ ಕೆಂಪು ವೈನ್ ಮಿಶ್ರಣ "ಬಿಕವೇರ್". ಅಂದರೆ ಗೂಳಿಯ ನೆತ್ತರು. 1552ರಲ್ಲಿ ಆಟೋಮನ್ ಸೈನ್ಯ ಎಗೆರ್ ಕೋಟೆಗೆ ಮುತ್ತಿಗೆ ಹಾಕಿದಾಗ, ಒಳಗಿದ್ದವರ ಗಡ್ಡದ ಮೇಲಿನ ಕೆಂಪು ವೈನ್ ನೋಡಿ ಇವರು ಗೂಳಿಯ ನೆತ್ತರು ಕುಡಿದು ಕಾದುತ್ತಾರೆ ಅಂತ ಹೆದರಿದರು ಅನ್ನುವ ದಂತಕಥೆ ಇದೆ. ಕತೆಯನ್ನು ಒಮ್ಮೆ ಹೇಳಿ, ಆಮೇಲೆ ಬಿಕವೇರ್ ಅಂತಲೇ ಬರೆದರೆ ಚೆನ್ನ.

ನಿಮ್ಮಿಂದ ನನಗೆ ಮುಖ್ಯವಾಗಿ ಬೇಕಾಗಿರುವುದು ಒಗರಿನ ಒಡಹುಟ್ಟಿದ ಪದಗಳು. ಮಲೆನಾಡಿನಲ್ಲಿ ಅಡಿಕೆ ಬೇಯಿಸಿ ಉಳಿದ ಕೆಂಪು ರಸಕ್ಕೆ "ಚೊಗರು" ಅನ್ನುತ್ತಾರೆ. ಈ ಪದವನ್ನು ರುಚಿಗೂ ಬಳಸುತ್ತಾರಾ? "ತೊಗರು" ಅಂತ ಹೇಳುವವರು ಇದ್ದೀರಾ? ಅದು ನಿಮ್ಮ ಬಾಯಲ್ಲಿ ಬಣ್ಣವೋ, ರುಚಿಯೋ? ತಮಿಳಿನ "ತುವರ್" ಎರಡನ್ನೂ ಹೇಳುತ್ತದೆ, ಅದಕ್ಕೇ ಕೇಳುತ್ತಿದ್ದೇನೆ. ಇನ್ನು ಕೊಡಗಿನಲ್ಲಿ, ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ವೈನ್ ಮಾಡುವ ರೂಢಿ ಇದೆ. ಈ ಸಲದ್ದು ಬಾಯಿ ಹಿಡಿಯಿತು, ಸಿಹಿ ನಿಲ್ಲಲಿಲ್ಲ ಅಂತ ಹೇಳಬೇಕಾದಾಗ ಅಲ್ಲಿನ ಅಜ್ಜಿಯರು ಏನನ್ನುತ್ತಾರೆ? ಕೊಡವ, ತುಳು, ಕೊಂಕಣಿ ಮಾತಾದರೂ ಆಗಬಹುದು. ಪದದ ಜೊತೆ ಊರಿನ ಹೆಸರು ಮತ್ತು ಅದನ್ನು ಬಳಸುವ ಒಂದು ವಾಕ್ಯವನ್ನೂ ದಯವಿಟ್ಟು ಬರೆಯಿರಿ.