ಟೆನಿಸ್ ಶ್ರೇಷ್ಠತೆ: ಆಟದ ಸೊಬಗೂ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶ್ನೆ: ಗ್ರ್ಯಾಂಡ್ ಸ್ಲಾಮ್ (ಟೆನಿಸ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳು) ಸಿಂಗಲ್ಸ್ ಪ್ರಶಸ್ತಿಗಳಲ್ಲಿ ಜೊಕೊವಿಚ್ 24, ನಡಾಲ್ 22, ಫೆಡರರ್ 20 ಎಂಬ ಲೆಕ್ಕ ಕಣ್ಣೆದುರಿಗಿದ್ದರೂ, ಆಟದ ಸೊಬಗನ್ನು ಮುಂದಿಟ್ಟು ಫೆಡರರ್ ಅವರೇ ಶ್ರೇಷ್ಠರೆನ್ನುವುದು ಎಷ್ಟು ಸರಿ?

ಉತ್ತರ 1: ಸರಿಯಲ್ಲ. 2019ರ ವಿಂಬಲ್ಡನ್ ಫೈನಲ್‌ನಲ್ಲಿ ಫೆಡರರ್ 218 ಪಾಯಿಂಟ್ ಗಳಿಸಿ, ಐದನೆಯ ಸೆಟ್‌ನಲ್ಲಿ ಎರಡು ಚಾಂಪಿಯನ್‌ಶಿಪ್ ಪಾಯಿಂಟ್‌ಗಳು (ಒಂದನ್ನು ಗೆದ್ದರೂ ಪ್ರಶಸ್ತಿ ಸಿಗುವ ಅವಕಾಶ) ಕೈಯಲ್ಲಿದ್ದೂ, 204 ಪಾಯಿಂಟ್ ಗಳಿಸಿದ ಜೊಕೊವಿಚ್ ಅವರೆದುರು ಸೋತರು. ನಿರ್ಣಾಯಕ ಗಳಿಗೆಯಲ್ಲಿ ಎಡವದೆ ಆಡುವುದೂ ಕಲೆಯೇ. ಅದು ಕಣ್ಣಿಗೆ ಹಬ್ಬವಾಗಬೇಕೆಂದಿಲ್ಲ.

ಉತ್ತರ 2: ಫೆಡರರ್ ಅವರ ಒಂದು ಕೈಯ ಬ್ಯಾಕ್‌ಹ್ಯಾಂಡ್ (ಹಿಂಗೈ ಹೊಡೆತ) ಚೆಂದವೆಂಬುದು ಅಭಿರುಚಿಯ ಮಾತು (ನನಗೂ ಅದೇ ಇಷ್ಟ). ಆದರೆ ಶೈಲಿಯನ್ನು ಪೂರ್ತಿ ಬದಿಗಿಡಲಾಗದು, ಏಕೆಂದರೆ ನಡಾಲ್ ಅವರ ಎಡಗೈ ಟಾಪ್‌ಸ್ಪಿನ್ (ಚೆಂಡನ್ನು ಮುಂದಕ್ಕೆ ತಿರುಗಿಸುವ ಹೊಡೆತ) ಮಣ್ಣಿನ ಅಂಕಣದಲ್ಲಿ ಎತ್ತರಕ್ಕೆ ಪುಟಿದು ಅದೇ ಬ್ಯಾಕ್‌ಹ್ಯಾಂಡನ್ನು ಕಾಡಿತು. ಮಣ್ಣಿನ ಅಂಕಣದಲ್ಲೇ ನಡೆಯುವ ಫ್ರೆಂಚ್ ಓಪನ್‌ನಲ್ಲಿ ನಡಾಲ್ ಗೆದ್ದ 14 ಪ್ರಶಸ್ತಿಗಳ ಬೇರು ಆ ಶೈಲಿಯಲ್ಲಿದೆ.

ಪ್ರಶ್ನೆ ಕೇಳಿದವರು: ಶೈಲಿಯನ್ನೂ ಮನರಂಜನೆಯನ್ನೂ ನಾನು ಒಂದೇ ಎಂದು ಭಾವಿಸಿದ್ದೆ.